ಅಪ್ಪನಿಗೆ ಮಿದುಳಿನ ರಕ್ತಸಂಚಾರದ ಸ್ಕ್ಯಾನ್ ಬೇಕಾ? ಮಾಡಿಸಿದವರು ಹೇಳಿ

ದಾವಣಗೆರೆಯಿಂದ:
ಅಪ್ಪನಿಗೆ 72. ಅಮ್ಮ ಹೋಗಿ ಒಂದೂವರೆ ವರ್ಷ. ಪೇಪರ್ ಓದೋದು ಬಿಟ್ಟಿದ್ದಾರೆ, ಊಟ ಎರಡು ತುತ್ತು, ಕೇಳಿದ್ದಕ್ಕೆ ಉತ್ತರ ಬರೋಕೆ ಹೊತ್ತು ಹಿಡಿಯುತ್ತೆ. ಡಾಕ್ಟರು ಖಿನ್ನತೆ ಅಂತ ಮಾತ್ರೆ ಬರೆದು, ಎಂಆರ್‌ಐ ಮಾಡಿಸಿ, ಅನುಮಾನ ಉಳಿದರೆ ಸ್ಪೆಕ್ಟ್ (ಮಿದುಳಿನ ರಕ್ತಸಂಚಾರ ತೋರಿಸೋ ಸ್ಕ್ಯಾನ್) ನೋಡೋಣ ಅಂದರು. ತಮ್ಮ ಮಾತ್ರ ‘ಸ್ಕ್ಯಾನಲ್ಲಿ ಖಿನ್ನತೆ ಕಾಣಲಿ, ಆಮೇಲೆ ಮಾತ್ರೆ’ ಅಂತ ಪಟ್ಟು ಹಿಡಿದಿದ್ದಾನೆ.

ಮೈಸೂರಿಂದ:
ನಮ್ಮತ್ತೆಗೆ ಎರಡೂ ಆಗಿದೆ. ನಿಮ್ಮ ತಮ್ಮ ಕಾಯ್ತಿರೋ ಆ ಸಾಲು ಯಾವ ರಿಪೋರ್ಟಲ್ಲೂ ಬರಲ್ಲ ಕಣ್ರೀ. ಖಿನ್ನತೆ ಅಂತ ಗೊತ್ತಾಗೋದು ಡಾಕ್ಟರು ಎದುರು ಕೂತು ಮಾತಾಡಿಸಿದಾಗಲೇ.

ಸ್ಪೆಕ್ಟ್ ದಿನ ಮಬ್ಬು ಬೆಳಕಿನ ಕೋಣೆಯಲ್ಲಿ ಮಲಗಿಸಿ, ಯಾರೂ ಮಾತಾಡಿಸಬೇಡಿ ಅಂದರು. ಟೆಕ್ನೀಷಿಯಂ ಅನ್ನೋ ವಿಕಿರಣ ಸೂಸುವ ವಸ್ತು ಸೇರಿಸಿದ ಔಷಧಿ ಕೈಗೆ ಚುಚ್ಚಿದರು. ರಕ್ತ ಎಲ್ಲಿ ಚೆನ್ನಾಗಿ ಹರಿಯುತ್ತೋ ಅಲ್ಲಿ ಅದು ಜಾಸ್ತಿ ಹೋಗಿ, ಕೆಲವೇ ನಿಮಿಷದಲ್ಲಿ ಕೂತುಬಿಡುತ್ತಂತೆ. ಆಮೇಲೆ ಯಾವಾಗ ಚಿತ್ರ ತೆಗೆದರೂ ಕಾಣೋದು ಚುಚ್ಚಿದ ಹೊತ್ತಿನ ರಕ್ತಸಂಚಾರವೇ, ಅದಕ್ಕೇ ಆ ಮೌನ. ಮೂರು ತಿಂಗಳಿಂದ ಬಾಯಿ ಬಿಡದ ಅತ್ತೆ ಸರಿಯಾಗಿ ಆಗಲೇ ‘ಗ್ಯಾಸ್ ಆರಿಸಿದ್ಯೇನೇ?’ ಅಂದರು! ವಿಕಿರಣದ ಭಯ ನನಗೂ ಇತ್ತು. 6 ಗಂಟೆಗೊಮ್ಮೆ ಅರ್ಧ ಇಳಿಯುತ್ತೆ ಅಂತ ಸಮಾಧಾನ ಹೇಳಿದರು.

ಹಣೆಯ ಹಿಂದಿನ ಭಾಗಕ್ಕೆ ರಕ್ತ ಕಡಿಮೆ ಅಂತ ಬಂತು. ವಯಸ್ಸಾದವರ ಖಿನ್ನತೆಯಲ್ಲಿ ಹೀಗಾಗೋದುಂಟು, ಕೆಲವು ಬಗೆಯ ಮರೆವಿನ ಕಾಯಿಲೆಯಲ್ಲೂ ಉಂಟು. ಡಾಕ್ಟರಿಗೆ ಇದ್ದ ಅನುಮಾನ ಅಲ್ಜೈಮರ್ ಬಗ್ಗೆ. ಅದರಲ್ಲಿ ಸಾಮಾನ್ಯವಾಗಿ ಸೊರಗೋದು ಕಿವಿಯ ಮೇಲಿನ ಮತ್ತು ನೆತ್ತಿಯ ಹಿಂದಿನ ಭಾಗ, ಅವೆರಡೂ ಅತ್ತೆಗೆ ಸರಿಯಿದ್ದವು. ನಮಗೆ ಸ್ಪೆಕ್ಟಿಂದ ಸಿಕ್ಕಿದ್ದು ಅಷ್ಟೇ. ಮಾತ್ರೆ ಅದಕ್ಕೂ ಮೊದಲೇ ಶುರುವಾಗಿತ್ತು.

ಸ್ಕ್ಯಾನ್ ವಿಭಾಗದಲ್ಲಿ ಕೆಲಸ ಮಾಡುವವನು:
ಎಂಆರ್‌ಐನಲ್ಲಿ ಮೊದಲು ನೋಡೋದು ಗಡ್ಡೆ, ಪಾರ್ಶ್ವವಾಯುವಿನ ಗುರುತು, ಬಿದ್ದು ಒಳಗೆ ಹೆಪ್ಪುಗಟ್ಟಿದ ರಕ್ತ ಇದೆಯಾ ಅಂತ. ಬಿಳಿ ಮಚ್ಚೆ ಅಂತ ಬರೆದಿದ್ದರೆ ಗಾಬರಿ ಬೇಡ, ಈ ವಯಸ್ಸಲ್ಲಿ ತುಂಬ ಜನಕ್ಕೆ ಇರುತ್ತೆ. ಜಾಸ್ತಿ ಇದ್ದರೆ ಸಣ್ಣ ರಕ್ತನಾಳ ಕೆಟ್ಟಿವೆ ಅಂತ, ಆಗ ಬಿಪಿ, ಶುಗರ್ ಬಿಗಿ ಮಾಡ್ತಾರೆ. ಇಂಥವರಿಗೆ ‘ವ್ಯಾಸ್ಕುಲರ್ ಡಿಪ್ರೆಶನ್’ (ರಕ್ತನಾಳದ ತೊಂದರೆಗೆ ಸೇರಿದ ಖಿನ್ನತೆ) ಅನ್ನೋ ವಿವರಣೆಯನ್ನ 1997ರಲ್ಲೇ ಅಮೆರಿಕದ ಅಲೆಕ್ಸೋಪೌಲೋಸ್ ತಂಡ ಮುಂದಿಟ್ಟಿತ್ತು. ಮಾತ್ರೆ ಕೆಲಸ ಮಾಡೋಕೆ ಸ್ವಲ್ಪ ತಡವಾಗಬಹುದು. ಎಎಸ್‌ಎಲ್ ಸೌಲಭ್ಯ ಇರೋ ಕಡೆ ಸೂಜಿ ಇಲ್ಲದೆ ಎಂಆರ್‌ಐನಲ್ಲೇ ರಕ್ತಸಂಚಾರ ನೋಡ್ತಾರೆ, ಆದರೆ ತಲೆ ಅಲುಗಿದರೆ ಚಿತ್ರ ಕೆಡುತ್ತೆ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಶಿರಸಿಯಿಂದ:
ಥೈರಾಯ್ಡ್, ಬಿ12 ನೋಡಿಸಿದ್ರಾ? ಇನ್ನೊಂದು, ಮಾತ್ರೆ ಶುರುವಾದ ಮೇಲೆ ರಕ್ತದ ಸೋಡಿಯಂ ನೋಡಿಸಿ. ನಮ್ಮ ದೊಡ್ಡಪ್ಪ ಎರಡನೇ ವಾರ ಮಂಕಾಗಿ ತಡವರಿಸಿದಾಗ ಖಿನ್ನತೆ ಏರಿತು ಅಂದುಕೊಂಡಿದ್ದೆವು, ಸೋಡಿಯಂ ಇಳಿದಿತ್ತು. ಊಟ ಪೂರ್ತಿ ಬಿಟ್ಟರೆ, ಸಾಯೋ ಮಾತಾಡಿದರೆ ಸ್ಕ್ಯಾನಿನ ತಾರೀಖು ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡ್ತಾರೆ.

ದಾವಣಗೆರೆಯಿಂದ:
ತಮ್ಮನಿಗೆ ಓದಿ ಹೇಳಿದೆ. ಗೊಣಗಿಕೊಂಡೇ ಮಾತ್ರೆ ತಂದ, ನಿನ್ನೆಯಿಂದ ಶುರು. ಎಂಆರ್‌ಐ ಗುರುವಾರ. ಹಲ್ಲಿನ ಸೆಟ್ ತೆಗೀಬೇಕಾ?

ಸ್ಕ್ಯಾನ್ ವಿಭಾಗದಲ್ಲಿ ಕೆಲಸ ಮಾಡುವವನು:
ತೆಗೀಬೇಕು. ಕಿವಿ ಮೆಷಿನ್ ಇದ್ದರೆ ಅದೂ.