ಅಪ್‌ಡೇಟ್: ಮುಂಬೈ–ಗೋವಾ ಕ್ರೂಸ್ ಮುಗಿಸಿ ಬಂದೆವು

ವಯಸ್ಸಾದ ತಂದೆತಾಯಿಯೊಂದಿಗೆ ಮೊದಲ ಬಾರಿ ಮುಂಬೈಯಿಂದ ಗೋವಾಕ್ಕೆ ಕ್ರೂಸ್‌ನಲ್ಲಿ ಹೋಗುವಾಗ ಯಾವ ಕೋಣೆ ಆರಿಸಬೇಕೆಂದು ಇಲ್ಲಿ ಕೇಳಿದ್ದೆ. ನೀವು ಸೂಚಿಸಿದಂತೆ ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲೇ ಕೋಣೆ ಹಿಡಿದೆವು. ಓಲಾಟ ಅಲ್ಲಿ ನಿಜಕ್ಕೂ ಕಡಿಮೆ, ಮೇಲಿನ ಊಟದ ಹಾಲ್‌ನಲ್ಲಿ ಲೋಟದ ನೀರು ತುಳುಕುತ್ತಿದ್ದಾಗಲೂ ಅಮ್ಮ ಕೆಳಗೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಮುಂಬೈಯಲ್ಲಿ ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್‌ನ ಟರ್ಮಿನಲ್‌ನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಮೊದಲೇ ಒಪ್ಪಿಸಬೇಕಾಗಿದ್ದು, ಅವು ಕೋಣೆ ಸೇರುವಷ್ಟರಲ್ಲಿ ಸಂಜೆಯಾದ್ದರಿಂದ, ಅಪ್ಪನ ಬಿಪಿ ಮಾತ್ರೆ, ಗುರುತಿನ ಚೀಟಿ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿದ್ದದ್ದು ಒಳ್ಳೆಯದಾಯಿತು. ವೈಫೈ, ಪಾನೀಯಗಳ ಖರ್ಚು ಟಿಕೆಟ್‌ನಿಂದ ಹೊರಗೆ (ಚಹಾದ ವಿಷಯದಲ್ಲಿ ಅಪ್ಪನ ಗೊಣಗಾಟ ಬೇರೆ). ಸ್ವಂತ ಟ್ಯಾಕ್ಸಿಯಲ್ಲಿ ಸುತ್ತಲು ಹೋದವರಿಗಾಗಿ ಹಡಗು ಕಾಯುವುದಿಲ್ಲವಾದ್ದರಿಂದ, ಗೋವಾದ ಮರ್ಮಗೋವಾ ಬಂದರಿನಲ್ಲಿ ಇಳಿದ ನಾವು ಪಣಜಿಯ ಆಸೆ ಬಿಟ್ಟು ಹತ್ತಿರದ ಬೋಗ್ಮಾಲೋ ಬೀಚಿಗಷ್ಟೇ ಹೋಗಿ ಮರಳಿದೆವು.