ಲೀನ್ ವರ್ಷನ್ ಏರಿಸಿದರೆ ಅರ್ಧ ಟೆಸ್ಟ್ ಕೆಂಪು, ಪ್ರೂಫ್ ಮಾತ್ರ ಸರಿಯಾಗಿದೆ

ಹೊಸಬ_42:
ಗಣಿತದ ಪ್ರೂಫ್‌ಗಳನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸುವ ಲೀನ್ 4 ಭಾಷೆಯಲ್ಲಿ ಸಣ್ಣದೊಂದು ಟ್ಯಾಕ್ಟಿಕ್ (ಪ್ರೂಫ್ ಕಟ್ಟುವ ಕಮಾಂಡ್) ಲೈಬ್ರರಿ ಬರೆದಿದ್ದೇನೆ. ಪ್ರತಿ ಟೆಸ್ಟ್ ಫೈಲಿನ ಪಕ್ಕ ಔಟ್‌ಪುಟ್ ಹೇಗಿರಬೇಕು ಅಂತ ಇನ್ನೊಂದು ಫೈಲ್ ಇದೆ, ಸ್ಕ್ರಿಪ್ಟ್ ಬಂದ ಔಟ್‌ಪುಟ್ಟನ್ನು ಅದರ ಜೊತೆ ಡಿಫ್ ಮಾಡುತ್ತದೆ, ಅಂದರೆ ವ್ಯತ್ಯಾಸ ನೋಡುತ್ತದೆ. ಮೊನ್ನೆ ಲೀನ್ ವರ್ಷನ್ ಏರಿಸಿದೆ, ಅರ್ಧ ಟೆಸ್ಟ್ ಕೆಂಪು, ಅಂದರೆ ಫೇಲ್. ನೋಡಿದರೆ ಎರರ್ ಮೆಸೇಜಿನಲ್ಲಿ ‘?ಎಂ.312’ ಇದ್ದದ್ದು ‘?ಎಂ.347’ ಆಗಿದೆ, ಅಷ್ಟೇ! ಹೊಸ ಔಟ್‌ಪುಟ್ಟನ್ನೇ ಒಂದೇ ಸಲ ಎಲ್ಲಾ ಫೈಲಿಗೂ ಸುರಿದುಬಿಡಲಾ?

ಎಲಾಬೊರೇಟರ್_ಪ್ರೇಮಿ:
ಆ ನಂಬರ್ ಮೆಟಾವೇರಿಯಬಲ್‌ಗೆ (ಇನ್ನೂ ತುಂಬದ ಖಾಲಿ ಜಾಗಕ್ಕೆ) ಲೀನ್ ತಾನೇ ಇಟ್ಟುಕೊಳ್ಳುವ ಹೆಸರು. ಮೇಲೆಲ್ಲೋ ಒಂದು ಜಾಸ್ತಿ ಹುಟ್ಟಿದರೂ ಕೆಳಗಿನದೆಲ್ಲ ಜರುಗುತ್ತದೆ. ಟೆಸ್ಟ್ ಫೈಲಿನ ಮೇಲ್ಗಡೆ ಪಿಪಿ.ಎಂವಾರ್ಸ್ ಆಪ್ಷನ್ ಫಾಲ್ಸ್ ಮಾಡಿ, ನಂಬರ್ ಹೋಗಿ ಬರೀ ‘?_’ ಬರುತ್ತದೆ. ಇನ್ನು ಸಣ್ಣ ಟೆಸ್ಟಿಗೆ ಬೇರೆ ಫೈಲೇ ಯಾಕೆ ಬೇಕು? ಬಂದ ಮೆಸೇಜನ್ನು ಹೋಲಿಸಿ ನೋಡುವ ಗಾರ್ಡ್ ಮೆಸೇಜಸ್ ಕಮಾಂಡ್ ಇದೆಯಲ್ಲ, ಬರಬೇಕಾದ ಮೆಸೇಜನ್ನು ಅದರ ಮೇಲಿನ ಡಾಕ್ ಕಾಮೆಂಟಿನಲ್ಲೇ ಬರೆಯಿರಿ. ಸಾಲು ಮುರಿಯುವ ಜಾಗ ಬದಲಾಗಿ ಕಾಟ ಕೊಟ್ಟರೆ ವೈಟ್‌ಸ್ಪೇಸ್ ಲ್ಯಾಕ್ಸ್ ಅಂತ ಕೊಡಬಹುದು.

ಕೈ_ಸುಟ್ಟವ:
ಒಂದೇ ಸಲ ಸುರಿಯುವುದು ಮಾತ್ರ ಬೇಡ. ನಾನು ಮಾಡಿದ್ದೆ. ನೂರಾರು ಸಾಲಿನ ಡಿಫ್, ಎಲ್ಲಾ ನಂಬರೇ ಇರಬೇಕು ಅಂತ ಕಣ್ಣು ಮುಚ್ಚಿ ಒಪ್ಪಿದೆ, ನಡುವೆ ಒಂದು ಪ್ರೂಫ್ ನಿಜವಾಗಿಯೇ ಮುರಿದು ‘ಅನ್‌ಸಾಲ್ವ್ಡ್ ಗೋಲ್ಸ್’ (ಸಾಧಿಸದೆ ಉಳಿದ ಗುರಿಗಳು) ಅಂತ ಬಂದಿತ್ತು. ಆ ಎರರ್ರೇ ‘ಬರಬೇಕಾದ ಔಟ್‌ಪುಟ್’ ಆಗಿ ಕೂತಿತು, ಟೆಸ್ಟ್ ತಿಂಗಳುಗಟ್ಟಲೆ ಹಸಿರು! ಹಳೇ ವರ್ಷನ್‌ನಲ್ಲೇ ಆ ಆಪ್ಷನ್ ಹಾಕಿ, ಔಟ್‌ಪುಟ್ ತೆಗೆದು ಕಮಿಟ್ ಮಾಡಿ, ಆಮೇಲೆ ವರ್ಷನ್ ಏರಿಸಿ. ಆಗ ಉಳಿಯುವ ಡಿಫ್ ಕೂತು ಓದುವಷ್ಟಿರುತ್ತದೆ. ಮುಖ್ಯ ಥಿಯರಂಗಳಿಗೆ ಪ್ರಿಂಟ್ ಆಕ್ಸಿಯಮ್ಸ್ (ಥಿಯರಂ ಯಾವ ಆಕ್ಸಿಯಮ್‌ಗಳ ಮೇಲೆ ನಿಂತಿದೆ ಅಂತ ತೋರಿಸುವ ಕಮಾಂಡ್) ಔಟ್‌ಪುಟ್ಟನ್ನೂ ಸೇರಿಸಿ, ಎಲ್ಲಾದರೂ ‘ಸಾರಿ’ (ಪ್ರೂಫ್ ಬರೆಯದೆ ಬಿಟ್ಟ ಜಾಗದ ಗುರುತು) ನುಸುಳಿದ್ದರೆ ‘ಸಾರಿಆಕ್ಸ್’ ಅಂತ ಅಲ್ಲಿ ಸಿಕ್ಕಿಬೀಳುತ್ತದೆ.

ರಾಕ್_ಕಡೆಯವಳು:
ಲೀನ್ ಥರದ್ದೇ ಇನ್ನೊಂದಾದ ರಾಕ್‌ನಲ್ಲೂ, ಅಂದರೆ ಹಿಂದೆ ಕಾಕ್ ಅಂತಿದ್ದದರಲ್ಲೂ, ಇದೇ ಗೋಳು. ಅದರ ಟೆಸ್ಟ್ ಸೂಟಿನಲ್ಲಿ ಬಂದ ಔಟ್‌ಪುಟ್ಟನ್ನೇ ಸರಿ ಅಂತ ಒಪ್ಪಿಬಿಡುವ ‘ಅಪ್ರೂವ್ ಔಟ್‌ಪುಟ್’ ಅಂತ ಮೇಕ್ ಟಾರ್ಗೆಟ್ಟೇ ಇದೆ, ಒತ್ತುವುದು ಬಲು ಸುಲಭ, ಅದೇ ಅಪಾಯ. ಬರೀ ಫೇಲ್ ಆಗಬೇಕು, ಪದಗಳು ಏನಾದರೂ ಇರಲಿ ಅಂತಿದ್ದರೆ ಮೆಸೇಜನ್ನು ಹೋಲಿಸಲೇಬೇಡಿ. ನಮ್ಮಲ್ಲಿ ಕಮಾಂಡಿನ ಮುಂದೆ ‘ಫೇಲ್’ ಸೇರಿಸಿದರೆ ಮುಗಿಯಿತು.

ಹೊಸಬ_42:
ಲೀನ್‌ನಲ್ಲಿ ಅದಕ್ಕೆ ಗಾರ್ಡ್ ಮೆಸೇಜಸ್‌ಗೆ ‘ಡ್ರಾಪ್ ಎರರ್’ ಕೊಟ್ಟರೆ ಸಾಕಲ್ವಾ?

ಎಲಾಬೊರೇಟರ್_ಪ್ರೇಮಿ:
ಸಾಲದು. ಎರರ್ ಬಂದರೆ ಬಿಸಾಕುತ್ತದೆ, ಬರದಿದ್ದರೂ ಸುಮ್ನೆ ಪಾಸ್ ಮಾಡುತ್ತದೆ. ಟ್ಯಾಕ್ಟಿಕ್ ಸೋಲಲೇಬೇಕು ಅಂದರೆ ಪ್ರೂಫ್ ಒಳಗೆ ‘ಫೇಲ್ ಇಫ್ ಸಕ್ಸೆಸ್’ ಹಾಕಿ.

ಹೊಸಬ_42:
ಅಯ್ಯೋ, ಡ್ರಾಪ್ ಎರರ್ ಆಗಲೇ 6 ಕಡೆ ಹಾಕಿದ್ದೇನೆ. ಮೊದಲು ಅದನ್ನು ತೆಗೆದು ಬರುತ್ತೇನೆ.