ಪದಚರ್ಚೆ: ಸೀಗಡಿ ಲಾರ್ವಾ ‘ಈಜುತ್ತದೆ’ಯೋ, ‘ತೇಲುತ್ತದೆ’ಯೋ?

ಪ್ರಶ್ನೆ, ಪುಣೆಯಿಂದ

ಎಲ್ಲರಿಗೂ ನಮಸ್ಕಾರ.

ಸೀಗಡಿ ಮತ್ತು ಏಡಿ ಸಾಕಣೆಯ ಬಗ್ಗೆ ಮರಾಠಿಯಲ್ಲಿರುವ ತರಬೇತಿ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಓದುವವರು ಕಾರವಾರ, ಅಂಕೋಲಾ, ಕುಮಟಾ ಕಡೆಯ ಗಜನಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ) ರೈತರು, ಮತ್ತೆ ಹ್ಯಾಚರಿಗೆ, ಅಂದರೆ ಮೊಟ್ಟೆಯಿಂದ ಮರಿ ಮಾಡುವ ಕೇಂದ್ರಕ್ಕೆ, ಹೊಸದಾಗಿ ಸೇರಿದ ಕೆಲಸಗಾರರು. ಕೆಲವು ಕಡೆ ಅನುವಾದ ಸಿಕ್ಕಿಹಾಕಿಕೊಂಡಿದೆ.

ಲಾರ್ವಾ, ಅಂದರೆ ಮೊಟ್ಟೆಯೊಡೆದು ಬಂದ ಎಳೆರೂಪ, ಅದಕ್ಕಿರುವ ಮರಾಠಿಯ ‘ಅಳೀ’ಗೆ ಹುಳು, ಮರಿಹುಳು ಎಂದರೆ ರೇಷ್ಮೆಹುಳುವೋ ಕಂಬಳಿಹುಳುವೋ ಕಣ್ಣಮುಂದೆ ಬರುತ್ತದೆ. ‘ಡಿಂಭ’ ಶಾಲೆಯ ಪುಸ್ತಕದ ಮಾತು. ಬರೀ ‘ಮರಿ’ ಎಂದರೆ ಸಾಕೆ?

ಮೂಲದಲ್ಲಿ ಒಂದು ಪುಟದಲ್ಲಿ ‘ಪೋಹಣೇ’ (ಈಜು) ಇದೆ, ಇನ್ನೊಂದರಲ್ಲಿ ‘ತರಂಗಣೇ’ (ತೇಲು). ಇವು ಪ್ಲವಕಗಳು, ಅಂದರೆ ನೀರು ಎಳೆದತ್ತ ಹೋಗುವಂಥವು. ಹಾಗಿದ್ದರೆ ಎಲ್ಲ ಕಡೆಯೂ ‘ತೇಲುತ್ತವೆ’ ಎಂದು ಒಂದೇ ಪದ ಇಡಬಹುದಲ್ಲವೆ?

ನಾಪ್ಲಿಯಸ್, ಜೋಯಿಯಾ, ಮೈಸಿಸ್, ಮೆಗಲೋಪ ಎಂಬ ಲಾರ್ವಾ ಹಂತಗಳ ಹೆಸರುಗಳನ್ನು ಅನುವಾದಿಸಬೇಕೆ? ಬೆಳಕಿನ ಕಡೆ ಹೋಗುವ ಗುಣಕ್ಕೆ ‘ದ್ಯುತಿ ಅನುಚಲನೆ’ ಎಂದು ಬರೆದಾಗಿದೆ, ನಡೆಯುತ್ತದೆಯೆ? ಕೊನೆಯದಾಗಿ, ‘ಜವಳಾ’ ಎಂದರೆ ಮರಿಸೀಗಡಿ ತಾನೆ?

ಉತ್ತರ, ಗೋವೆಯಿಂದ

ಎರಡನೆಯ ಪ್ರಶ್ನೆಯಿಂದಲೇ ಶುರುಮಾಡುವುದು ಒಳ್ಳೆಯದು. ಅಲ್ಲಿ ಪದ ತಪ್ಪಿದರೆ ಕೈಪಿಡಿ ಓದಿದವನ ತೊಟ್ಟಿಯೂ ತಪ್ಪುತ್ತದೆ.

ಎಣ್ಣೆ ತೇಲುತ್ತದೆ, ತೆಂಗಿನಕಾಯಿ ತೇಲುತ್ತದೆ. ತೇಲುವುದಕ್ಕೆ ಶ್ರಮ ಬೇಡ. ಏಡಿ, ಸೀಗಡಿಗಳ ಲಾರ್ವಾ ಹಾಗಲ್ಲ. ಅದರ ಮೈ ಸಮುದ್ರದ ನೀರಿಗಿಂತ ಭಾರ. ಕಾಲು ಬಡಿಯುವುದು ನಿಂತರೆ ಮೆಲ್ಲಗೆ ಕೆಳಗಿಳಿಯುತ್ತದೆ. ನೀರಿನ ನಡುವೆ ಅದು ನಿಂತಿದೆ ಎಂದರೇ ಈಜುತ್ತಿದೆ ಎಂದರ್ಥ. ತೊಟ್ಟಿಯಲ್ಲಿ ನಿಜವಾಗಿ ತೇಲುವುದು ನೊರೆ, ಕಳಚಿದ ಪೊರೆ, ನೀರಿನ ಮೇಲ್ಪದರಕ್ಕೆ ಅಂಟಿಕೊಂಡು ಬಿಡಿಸಿಕೊಳ್ಳಲಾಗದ ದುರ್ಬಲ ಲಾರ್ವಾ. ‘ಆರೋಗ್ಯವಂತ ಲಾರ್ವಾ ತೇಲುತ್ತದೆ’ ಎಂದು ಅಚ್ಚಾದರೆ ಹೊಸಬ ಇದನ್ನೇ ನೋಡಿ ನೆಮ್ಮದಿಯಾಗಿರುತ್ತಾನೆ.

ಪ್ಲವಕ ಎಂಬ ಪದದಿಂದ ‘ತೇಲು’ ಹೊರಡಬೇಕಾಗಿಯೂ ಇಲ್ಲ. ಸಂಸ್ಕೃತದ ‘ಪ್ಲು’ ಧಾತುವಿಗೆ ತೇಲು, ಈಜು, ನೆಗೆ ಮೂರೂ ಅರ್ಥ ಇವೆ. ಪ್ಲವ ಎಂದರೆ ತೆಪ್ಪ, ಪ್ಲವಗ ಎಂದರೆ ಕಪ್ಪೆಯೂ ಹೌದು ಕೋತಿಯೂ ಹೌದು. 1887ರಲ್ಲಿ ಜರ್ಮನಿಯ ವಿಕ್ಟರ್ ಹೆನ್ಸನ್ ‘ಪ್ಲಾಂಕ್ಟನ್’ ಎಂದು ಹೆಸರಿಟ್ಟಾಗ ಅವರ ಮನಸ್ಸಿನಲ್ಲಿದ್ದ ಗ್ರೀಕ್ ಪದಕ್ಕೆ ಅಲೆದಾಡುವುದು ಎಂಬ ಅರ್ಥ. ಕನ್ನಡದ ಪ್ಲವಕ ಕಪ್ಪೆಯ ನೆಗೆತವನ್ನೂ ಒಳಗಿಟ್ಟುಕೊಂಡಿರುವುದರಿಂದ ಈ ಜೀವಿಗಳಿಗೆ ಅದೇ ಹೆಚ್ಚು ಹೊಂದುತ್ತದೆ ಎನ್ನಬೇಕು.

ಆದರೆ ಪ್ರಶ್ನೆಯ ಹಿಂದಿರುವ ಅನುಮಾನ ಸುಳ್ಳಲ್ಲ. ಏಡಿಯ ಜೋಯಿಯಾ ಸೆಕೆಂಡಿಗೆ ಒಂದು ಸೆಂಟಿಮೀಟರ್ ಆಸುಪಾಸು ಈಜುತ್ತದೆ. ಮಾಂಡವಿ, ಜುವಾರಿಯಂಥ ಅಳಿವೆಯಲ್ಲಿ ನೀರಿನ ಸೆಳೆತ ಅದರ ಹತ್ತಾರು ಪಟ್ಟು. ಅಡ್ಡಡ್ಡ ಈಜಿ ಅದು ಎಲ್ಲಿಗೂ ಹೋಗಲಾರದು. ಅದರ ಜಾಣತನವೆಲ್ಲ ಏರಿಳಿಯುವುದರಲ್ಲಿದೆ. ಕೆಸರುದಡದ ಎಷ್ಟೋ ಸಣ್ಣ ಏಡಿಗಳ ಜೋಯಿಯಾಗಳು ರಾತ್ರಿಯ ಭರತ ಇಳಿಯತೊಡಗುವ ಹೊತ್ತಿಗೆ ಮೊಟ್ಟೆಯೊಡೆದು ಹೊರಬಂದು, ಮೇಲಿನ ನೀರಿನಲ್ಲಿದ್ದು ಇಳಿತದ ಜೊತೆ ಕಡಲಿಗೆ ಹೋಗುತ್ತವೆ. ವಾರಗಳ ನಂತರ ಮರಳುವ ಮೆಗಲೋಪ ಇದನ್ನು ತಿರುಗುಮುರುಗು ಮಾಡುತ್ತದೆ: ಭರತದಲ್ಲಿ ಮೇಲೇರುತ್ತದೆ, ಇಳಿತದಲ್ಲಿ ತಳ ಹಿಡಿಯುತ್ತದೆ. ಗಜನಿಯಂಥದ್ದೇ ಆದ ಗೋವೆಯ ಖಾಜನ್ ಭೂಮಿಯಲ್ಲಿ ಭರತದ ಹೊತ್ತು ಮಾನಸದ (ಒಡ್ಡಿನ ತೂಬಿನ) ಬಾಗಿಲು ತೆರೆದು ನೀರು ಒಳಬಿಡುವುದು, ಇಳಿತದಲ್ಲಿ ಅದೇ ಬಾಯಿಗೆ ಬಲೆ ಕಟ್ಟುವುದು, ಉತ್ತರ ಕನ್ನಡದ ಗಜನಿಯಲ್ಲಿ ಜಂತ್ರಡಿ ಎಂಬ ತೂಬಿನ ಬಾಗಿಲಲ್ಲಿ ನಡೆಯುವುದು, ಎಲ್ಲವೂ ಈ ಏರಿಳಿತವನ್ನೇ ನಂಬಿಕೊಂಡ ಪದ್ಧತಿ. ಹಾಗಾಗಿ ವಾಕ್ಯ ಹೀಗಿರಲಿ: ‘ನೀರು ಒಯ್ಯುತ್ತದೆ, ಲಾರ್ವಾ ಏರಿಳಿದು ಈಜುತ್ತದೆ.’ ಕರ್ತೃ ಬೇರೆ, ಕ್ರಿಯಾಪದ ಬೇರೆ.

ಇನ್ನು ಹಂತಗಳು. ಇಲ್ಲಿ ಬರೀ ‘ಈಜುತ್ತದೆ’ ಕೂಡ ಸಾಲದು. ಹಂತ ಬದಲಾದಂತೆ ದೋಣಿಯ ಹುಟ್ಟಿನಂತೆ ನೀರು ತಳ್ಳುವ ಅಂಗವೇ ಬದಲಾಗುತ್ತದೆ. ಮುಂದಿನದು ಹುಲಿ ಸೀಗಡಿ, ವನಾಮಿಯಂಥ ಸಮುದ್ರ ಸೀಗಡಿಗೆ ಅನ್ವಯಿಸುತ್ತದೆ.

ನಾಪ್ಲಿಯಸ್ ಸುಮಾರು 0.3 ಮಿ.ಮೀ. ಆರು ಉಪಹಂತ, ಒಟ್ಟು ಎರಡು ದಿನದ ಬಾಳು, ಆಹಾರ ಬರೀ ಮೊಟ್ಟೆಯಿಂದ ಹೊಟ್ಟೆಯಲ್ಲಿ ಉಳಿದ ಭಂಡಾರ. ತಲೆಯ ಬಳಿಯ ಮೂರು ಜೊತೆ ಅವಯವಗಳನ್ನು ಹುಟ್ಟಿನಂತೆ ಬಡಿಯುತ್ತದೆ: ನಾಲ್ಕಾರು ಬಡಿತ, ಒಂದು ವಿರಾಮ, ಮತ್ತೆ ಬಡಿತ. ಇದಕ್ಕೆ ‘ಚಿಮ್ಮಿ ಚಿಮ್ಮಿ ಈಜುತ್ತದೆ’ ಸರಿಹೋಗುತ್ತದೆ. ವಿರಾಮ ರೋಗವಲ್ಲ ಎಂದು ಒಂದು ಸಾಲು ಸೇರಿಸಿ.

ಜೋಯಿಯಾಕ್ಕೆ ಮೂರು ಉಪಹಂತ. ವಿರಾಮವಿಲ್ಲದೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಏಕೆಂದರೆ ಈಗ ಅದು ನೀರಿನಲ್ಲಿರುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನಬೇಕು. ಹಿಂದೆ ಹಿಕ್ಕೆಯ ಉದ್ದ ದಾರ ನೇತಾಡುತ್ತಿದ್ದರೆ ಹೊಟ್ಟೆ ತುಂಬಿದೆ ಎಂದು ಲೆಕ್ಕ. ಹೆಚ್ಚಿನವುಗಳಲ್ಲಿ ದಾರ ಕಾಣದಿದ್ದರೆ ಮೊದಲು ಪಾಚಿಯ ಸಾಂದ್ರತೆ ನೋಡಬೇಕು.

ಮೈಸಿಸ್‌ನದ್ದೂ ಮೂರು ಉಪಹಂತ. ತಲೆ ಕೆಳಗೆ, ಬಾಲ ಮೇಲೆ. ಎದೆಯ ಕಾಲುಗಳ ಹೊರಕವಲಿನಿಂದ ಈಜುತ್ತದೆ, ಆಗಾಗ ಹೊಟ್ಟೆಭಾಗವನ್ನು ಮಡಿಚಿ ಹಿಂದಕ್ಕೆ ಜಿಗಿಯುತ್ತದೆ. ‘ತಲೆಕೆಳಗಾಗಿ ಬಿದ್ದಿದೆ’ ಎಂದು ಅನುವಾದಿಸಿದರೆ ಸತ್ತಿದೆ ಎಂದಾಗುತ್ತದೆ. ‘ತಲೆಕೆಳಗಾಗಿ ನಿಂತು ಹಿಂದಕ್ಕೆ ಈಜುತ್ತದೆ’ ಎನ್ನಿ. ಎದುರೀಜು ಇರುವಂತೆ ‘ಹಿಂದೀಜು’ ಎಂದು ಒಂದು ಪದ ಕಟ್ಟಬಹುದು.

ಆಮೇಲೆ ಪಿಎಲ್, ಅಂದರೆ ಲಾರ್ವಾ ಹಂತ ದಾಟಿದ ಪೋಸ್ಟ್ ಲಾರ್ವಾ. ಇಲ್ಲಿಂದ ಹೊಟ್ಟೆಯ ಕೆಳಗಿನ ಈಜುಗಾಲುಗಳ ಕೆಲಸ, ನೇರ ಮುಂದಕ್ಕೆ. ಕೆಲವು ದಿನಕ್ಕೆ ತೊಟ್ಟಿಯ ಗೋಡೆ, ತಳ ಹಿಡಿಯುತ್ತದೆ. ಕೊಳ್ಳುವಾಗ ಮಾಡುವ ಪರೀಕ್ಷೆಯನ್ನು ಕೈಪಿಡಿಯಲ್ಲಿ ಬಿಡಬೇಡಿ: ಬಿಳಿ ಬೋಗುಣಿಯಲ್ಲಿ ನೂರಿನ್ನೂರು ಮರಿ ಹಾಕಿ ಕೈಯಿಂದ ನೀರನ್ನು ಸುತ್ತ ತಿರುಗಿಸಿ. ಗಟ್ಟಿಯಾದವು ಎದುರೀಜುತ್ತವೆ, ಅಂಚಿಗೆ ಕಚ್ಚಿಕೊಳ್ಳುತ್ತವೆ. ಬಡಕಲು ನಡುವೆ ಗುಡ್ಡೆಯಾಗುತ್ತವೆ. ಪ್ಲಾಸ್ಟಿಕ್ ಚೀಲ ಬಿಚ್ಚಿದ ತಕ್ಷಣ ಈ ಪರೀಕ್ಷೆ ಬೇಡ. ಪ್ರಯಾಣದ ಸುಸ್ತು, ಉಪ್ಪಿನಂಶದ ವ್ಯತ್ಯಾಸ ಇವೆರಡರಿಂದ ಒಳ್ಳೆಯ ಮರಿಯೂ ನಡುವಿಗೇ ಬರುತ್ತದೆ.

ಏಡಿಗೆ ಈ ಪಟ್ಟಿ ಒಗ್ಗುವುದಿಲ್ಲ. ಏಡಿಯ ನಾಪ್ಲಿಯಸ್ ಹಂತ ಮೊಟ್ಟೆಯೊಳಗೇ ಮುಗಿದಿರುತ್ತದೆ, ಆದ್ದರಿಂದ ‘ಈಜುವ ಏಡಿ ನಾಪ್ಲಿಯಸ್’ ಎಂದು ಬರೆದರೆ ತಪ್ಪು. ಹೊರಬರುವುದು ಬೆನ್ನಿಗೂ ಮೂತಿಗೂ ಮುಳ್ಳಿರುವ ಜೋಯಿಯಾ. ಬಾಯಿಯ ಬಳಿಯ ಎರಡು ಜೊತೆ ಕಾಲುಗಳ ತುದಿಯ ರೋಮಗಳೇ ಅದರ ಹುಟ್ಟು. ಕೆಸರೇಡಿಗೆ ಐದು ಜೋಯಿಯಾ ಹಂತ, ಸುಮಾರು 16ರಿಂದ 20 ದಿನ. ಆಮೇಲೆ ಒಂದೇ ಮೆಗಲೋಪ ಹಂತ, ಒಂದು ವಾರದ ಮೇಲೆ. ಮೆಗಲೋಪ ಹೊಟ್ಟೆಭಾಗವನ್ನು ಹಿಂದಕ್ಕೆ ಚಾಚಿ ಈಜುಗಾಲಿನಿಂದ ಈಜುತ್ತದೆ, ಬೇಕೆಂದಾಗ ಮಡಿಚಿಕೊಂಡು ತಳದಲ್ಲಿ ನಡೆಯುತ್ತದೆ. ಇಕ್ಕಳ ಬಂದಿರುವುದರಿಂದ ಒಂದನ್ನೊಂದು ತಿನ್ನುವುದೂ ಆಗಲೇ ಜೋರಾಗುತ್ತದೆ. ಇದನ್ನು ‘ಈಜು ಏಡಿ’ ಎನ್ನಬೇಡಿ. ಆ ಹೆಸರು ಕೊನೆಯ ಕಾಲು ಹುಟ್ಟಿನಂತೆ ಚಪ್ಪಟೆಯಾಗಿರುವ ಬೆಳೆದ ಏಡಿಗಳ ಕುಟುಂಬಕ್ಕೆ ಮೀಸಲು.

ಹೆಸರುಗಳನ್ನು ಅನುವಾದಿಸುವುದು ಬೇಡ. ಹ್ಯಾಚರಿಯ ಹಲಗೆಯ ಮೇಲೆ ‘ಎನ್5’, ‘ಝಡ್2’, ‘ಎಂ1’, ‘ಪಿಎಲ್12’ ಎಂದೇ ಬರೆದಿರುತ್ತದೆ. ಓದುಗ ಅದಕ್ಕೆ ಹೊಂದಿಸಿಕೊಳ್ಳಬೇಕು. ಜೋಯಿಯಾ ಎನ್ನುವುದು ಮೊದಲು ಬೇರೆಯೇ ಜೀವಿ ಎಂದು ತಿಳಿದು ಇಟ್ಟ ಕುಲನಾಮ. 1802ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಬೋಸ್ಕ್ ಕೊಟ್ಟ ಹೆಸರು ಅದು. ಅದು ಏಡಿಯ ಎಳೆರೂಪ ಎಂದು ಐರ್ಲೆಂಡಿನಲ್ಲಿ ಜಾನ್ ವಾನ್ ಥಾಂಪ್ಸನ್ ತೋರಿಸಿದ್ದು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ಮೆಗಲೋಪ ಎಂದರೆ ದೊಡ್ಡಗಣ್ಣು ಎಂದು ಒಂದು ಸಲ ಹೇಳಿ, ಮುಂದೆ ಹಾಗೇ ಬಳಸಿ. ಇನ್ನೊಂದು ತೊಡಕು: ಮೈಸಿಸ್‌ಗೆ ಹಾಕುವ ಆಹಾರವೂ ನಾಪ್ಲಿಯಸ್ಸೇ, ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಜೀವಿಯದ್ದು. ‘ನಾಪ್ಲಿಯಸ್ ಹಾಕಿ’ ಎಂದಷ್ಟೇ ಇದ್ದರೆ ಅನರ್ಥ. ಪ್ರತಿ ಸಲವೂ ‘ಆರ್ಟೀಮಿಯಾ ನಾಪ್ಲಿಯಸ್’ ಎಂದೇ ಬರಲಿ.

ಡಿಂಭ ಎಂದರೆ ಎಳೆಗೂಸು, ಅರ್ಥ ಚೆನ್ನಾಗಿದೆ, ಆದರೆ ಕೊಳದ ದಂಡೆಯಲ್ಲಿ ಯಾರ ಬಾಯಲ್ಲೂ ಇಲ್ಲ. ರೈತರಿಗೆ ‘ಮರಿ’ ಎಂದರೆ ಚೀಲದಲ್ಲಿ ಬರುವ ಪಿಎಲ್. ಆದ್ದರಿಂದ ಪಿಎಲ್‌ಗೆ ಮುಂಚೆ ಲಾರ್ವಾ, ಪಿಎಲ್ ಆದಮೇಲೆ ಮರಿ ಎಂದು ಗೆರೆ ಎಳೆಯಿರಿ.

‘ದ್ಯುತಿ ಅನುಚಲನೆ’ಯ ಜಾಗದಲ್ಲಿ ‘ಬೆಳಕಿನತ್ತ ಈಜುವ ಗುಣ’ ಸಾಕು. ಗುಣಕ್ಕಿಂತ ವಿಧಾನ ಮುಖ್ಯ: ತೊಟ್ಟಿಯ ಗಾಳಿ ನಿಲ್ಲಿಸಿ, ಮುಚ್ಚಿ, ಒಂದು ಕಡೆ ಮಾತ್ರ ಬಲ್ಬು ಹಿಡಿದರೆ 10–15 ನಿಮಿಷದಲ್ಲಿ ಗಟ್ಟಿ ನಾಪ್ಲಿಯಸ್ ಮೇಲೇರಿ ಅಲ್ಲಿ ಗುಂಪಾಗುತ್ತವೆ. ಅವನ್ನು ಎತ್ತಿಕೊಂಡು, ತಳದಲ್ಲಿ ಉಳಿದದ್ದನ್ನು ಸೈಫನ್ ಮಾಡಿ ಚೆಲ್ಲುತ್ತಾರೆ. ಗಾಳಿ ಹಾಕುವುದು ತಡವಾದರೆ ಗುಂಪಿನೊಳಗೆ ಆಮ್ಲಜನಕ ಇಳಿದು ಒಳ್ಳೆಯವೂ ಕೆಳಗೆ ಬೀಳುತ್ತವೆ.

ಸೇರ್ಪಡೆ, ಮುಂಬಯಿಯಿಂದ

‘ಹಿಂದೀಜು’ ದಯವಿಟ್ಟು ಬೇಡ. ಓದಿದವರು ಅದೇನು ಹಿಂದಿಯಲ್ಲಿ ಈಜುವುದೋ ಎಂದು ಕೇಳುತ್ತಾರೆ. ‘ಹಿಂದಕ್ಕೆ ಈಜು’ ಎಂದು ಬಿಡಿಸಿ ಬರೆದರೆ ನಷ್ಟವಿಲ್ಲ. ಧಾರವಾಡ ಕಡೆಯ ‘ಈಸು’ ರೂಪವನ್ನೂ ಇಲ್ಲಿ ತರಬಾರದು, ಕರಾವಳಿಯ ಓದುಗ ಎಡವುತ್ತಾನೆ.

ಸಿಹಿನೀರಿನ ದೊಡ್ಡ ಸೀಗಡಿಯ ಪುಟ ಕೈಪಿಡಿಯಲ್ಲಿದ್ದರೆ ಅದಕ್ಕೆ ಮೇಲಿನ ಹಂತಗಳನ್ನು ಅಂಟಿಸಬೇಡಿ. ಅದು ಮೊಟ್ಟೆಯಿಂದ ನೇರ ಜೋಯಿಯಾ ಆಗಿಯೇ ಬರುತ್ತದೆ, 11 ಹಂತ, ಮೊದಲಿನಿಂದಲೂ ಹೊಟ್ಟೆ ಮೇಲಾಗಿ ಬಾಲ ಮುಂದಾಗಿ ಈಜುತ್ತದೆ. ಅಲ್ಲಿ ‘ಜೋಯಿಯಾ ಮುಂದಕ್ಕೆ ಈಜುತ್ತದೆ’ ಎಂದು ಓದಿದವನು ಸರಿಯಾಗಿರುವ ಲಾರ್ವಾ ಕಂಡು ಗಾಬರಿಯಾಗುತ್ತಾನೆ.

ಜವಳಾ ಮರಿಸೀಗಡಿ ಅಲ್ಲ. ಕೋಳಂಬಿ (ಸೀಗಡಿಗೆ ಮರಾಠಿ ಪದ) ಬೇರೆ, ಜವಳಾ ಬೇರೆ. ಇಲ್ಲಿಯ ಡೋಲ್ ಎಂಬ ಚೀಲದಂಥ ಬಲೆಗೆ ರಾಶಿರಾಶಿ ಬೀಳುವ ಜವಳಾ ಅಸೀಟಿಸ್ ಎಂಬ ಕುಲದ್ದು, ಬೆಳೆದು ಮುಗಿದರೂ ಎರಡು-ನಾಲ್ಕು ಸೆಂಟಿಮೀಟರೇ. ಸೀಗಡಿಗಳಿಗೆ ಎದೆಯಲ್ಲಿ ಐದು ಜೊತೆ ನಡೆಗಾಲು ಇದ್ದರೆ ಇದಕ್ಕೆ ಮೂರೇ ಜೊತೆ. ಕೊನೆಯ ಎರಡು ಇಲ್ಲವೇ ಇಲ್ಲ. ಭೂತಗನ್ನಡಿ ಹಿಡಿದರೆ ಸಂಶಯ ತೀರುತ್ತದೆ. ಮೂಲದಲ್ಲಿ ‘ಜವಳಾ ಹಿಡಿಯುವಾಗ ಕೋಳಂಬಿಯ ಪಿಲ್ಲೆಗಳೂ (ಮರಿಗಳೂ) ಸಿಗುತ್ತವೆ’ ಎಂಬಂಥ ವಾಕ್ಯ ಇದ್ದರೆ ಎರಡಕ್ಕೂ ಒಂದೇ ಕನ್ನಡ ಪದ ಹಾಕಿದಾಗ ವಾಕ್ಯವೇ ಕುಸಿಯುತ್ತದೆ. ಜವಳಾವನ್ನು ಹಾಗೇ ಉಳಿಸಿ, ‘ಸಣ್ಣ ಜಾತಿಯ ಸೀಗಡಿ’ ಎಂದು ಮೊದಲ ಸಲ ಮಾತ್ರ ಪಕ್ಕದಲ್ಲಿ ಬರೆಯಿರಿ.